ಜನರಲ್ ಶಿಫ್ಟಿನ ಯಶಸ್ಸು

ಸ್ಟಾಫ್ ರೂಮಿನ ಬೀರುವಿನ ಮೇಲೆ ಏನೇನಿರುತ್ತದೆ ಎಂದು ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ನಾನು ಹೇಳಬೇಕಾಗಿಲ್ಲ. ಒಡೆದ ಗ್ಲೋಬು, ಹಲ್ಲಿ ಮೊಟ್ಟೆ, ಹಿಂದೆಂದೋ ಸ್ವಾತಂತ್ರ್ಯ ದಿನಾಚರಣೆಗೆ ಕತ್ತರಿಸಿದ ಥರ್ಮೋಕೋಲ್ ಅಕ್ಷರಗಳು. ಮೊನ್ನೆ ಆ ಗ್ಲೋಬು ಬೇಕಾಗಿ ಸ್ಟೂಲು ಹತ್ತಿ ಕೈಯಾಡಿಸಿದೆ. ಸುರುಳಿ ಸುತ್ತಿದ ಗುಲಾಬಿ ಬಣ್ಣದ ಚಾರ್ಟ್ ಪೇಪರೊಂದು ಧೂಳಿನ ಸಮೇತ ನನ್ನ ತಲೆಯ ಮೇಲೆ ಬಿತ್ತು. ಕೆಮ್ಮಿ, ಸೀನಿ, ಸೆರಗು ಕೊಡವಿ, ಬಿಡಿಸಿ ನೋಡಿದರೆ ನನ್ನದೇ ಗುಂಡು ಅಕ್ಷರ: ‘ಯಶಸ್ಸು ಎಂದರೇನು? ನಿಮ್ಮ ಮಾತಿನಲ್ಲಿ ಬರೆಯಿರಿ.’ ಹೋದ ವರ್ಷದ್ದು. ನೋಡಿದ ತಕ್ಷಣ ಮೈಯೆಲ್ಲ ಉರಿದುಹೋಯಿತು.

ನೀವೇ ಹೇಳಿ, ಹದಿನೈದು ವರ್ಷದ ಮಕ್ಕಳನ್ನು ಕೂರಿಸಿಕೊಂಡು ಯಶಸ್ಸು ಎಂದರೇನು ಎಂದು ಕೇಳುವುದು ಯಾವ ಸೀಮೆಯ ನ್ಯಾಯ? ಐವತ್ತು ದಾಟಿದ ನನಗೇ ಅದು ಇನ್ನೂ ನೆಟ್ಟಗೆ ಗೊತ್ತಾಗಿಲ್ಲ. ಆದರೆ ಮೇಲಿನಿಂದ ಅಪ್ಪಣೆಯಾಗಿತ್ತು. ಹತ್ತನೇ ತರಗತಿಯ ಮಕ್ಕಳು ತಮ್ಮ ಯಶಸ್ಸು ಯಾವುದೆಂದು ತಾವೇ ಹೇಳಬೇಕಂತೆ, ಆಮೇಲೆ ‘ನನ್ನ ಕಲಿಕೆಯ ಕಥೆ’ ಎಂದು ಪೋಷಕರ ಮುಂದೆ ಮೈಕಿನಲ್ಲಿ ಮಾತಾಡಬೇಕಂತೆ, ಅದರ ಫೋಟೋ ತೆಗೆದು ಅದೇ ದಿನ ಗ್ರೂಪಿಗೆ ಹಾಕಬೇಕಂತೆ. ಮಾರ್ಚಿ ಪರೀಕ್ಷೆ ಮೂಗಿನ ತುದಿಗೆ ಬಂದಿರುವಾಗ ಮೇಲಿನವರಿಗೆ ಇಂಥದ್ದು ಹೇಗೆ ಹೊಳೆಯುತ್ತದೋ ದೇವರೇ ಬಲ್ಲ.

ನಮ್ಮ ಹೆಡ್‌ಮಾಸ್ಟರ್ ರಂಗಪ್ಪನವರು ಮೊಬೈಲನ್ನು ನನ್ನ ಕಡೆ ತಿರುಗಿಸಿ, “ಮಾತಿನ ವಿಷಯ ಅಂದ್ಮೇಲೆ ನಿಮ್ದೇ ಡಿಪಾರ್ಟ್‌ಮೆಂಟು ಮೇಡಂ. ನೀವೇ ನೋಡ್ಕೊಂಬಿಡಿ” ಎಂದರು. ಕನ್ನಡ ಮೇಡಂ ಆದವಳ ಹಣೆಬರಹವೇ ಇದು. ಪ್ರಾರ್ಥನೆ ಅವಳದು, ಸ್ವಾಗತ ಅವಳದು, ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರಿನ ಹಿಂದೆ ‘ಶ್ರೀ’ ಬಿಟ್ಟುಹೋಯಿತು ಎಂಬ ಜಗಳವೂ ಅವಳದೇ. ಗಣಿತದ ಮೇಷ್ಟ್ರನ್ನು ಯಾರಾದರೂ ನಿರೂಪಣೆಗೆ ಕರೆದದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ.

ನಮ್ಮ ಶಾಲೆ ದೊಡ್ಡಬಳ್ಳಾಪುರದಿಂದ ಬಾಶೆಟ್ಟಿಹಳ್ಳಿ ಕಡೆಗೆ ಬರುವ ರಸ್ತೆಯ ಮಗ್ಗುಲಲ್ಲಿದೆ. ಕಾರ್ಖಾನೆಗಳ ಬಸ್ಸು ಹಾರನ್ ಹಾಕಿದಾಗಲೆಲ್ಲ ನಾನು ಪಾಠ ನಿಲ್ಲಿಸಿ ಕಾಯಬೇಕು. ಆ ದಿನವೂ ಹಾಗೇ ಕಾದು ಕಾದು, ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ಯಶಸ್ಸು ಎಂದರೇನು ಬರೆಯಿರಿ ಎಂದೆ. ಬರೆದರು. ಒಂದು ಹಾಳೆ ಬಿಡದಂತೆ ಎಲ್ಲದರಲ್ಲೂ ‘ಯಶಸ್ಸು ಎಂಬುದು ಸತತ ಪರಿಶ್ರಮದ ಫಲ’. ಪ್ರಬಂಧದ ಗೈಡಿನಲ್ಲಿದ್ದ ಸಾಲು. ಪಿತ್ತ ನೆತ್ತಿಗೇರಿತು.

“ಲೇ, ನಿಮ್ಮ ಮಾತಲ್ಲಿ ಬರೀರಿ ಅಂದ್ರೆ ಗೈಡಿನ ಮಾತು ಬರೀತೀರಲ್ರೋ! ನಿಮ್ಗೆ ಅಂತ ಒಂದು ಬಾಯಿಲ್ವಾ?”

ಎರಡನೇ ಸಲ ಎಲ್ಲರೂ ಐಎಎಸ್ ಆಗಿ ಬಡವರ ಸೇವೆ ಮಾಡಲು ಹೊರಟರು. ಅಷ್ಟೂ ಜನ ಐಎಎಸ್ ಆದರೆ ಸೇವೆ ಮಾಡಿಸಿಕೊಳ್ಳಲು ಈ ತಾಲ್ಲೂಕಿನಲ್ಲಿ ಬಡವರು ಸಾಲುತ್ತಾರೆಯೇ ಎಂದು ಕೇಳಿ, ಹಾಳೆಗಳನ್ನೆಲ್ಲ ವಾಪಸ್ ಕೊಟ್ಟೆ. ಮೂರನೇ ಸಲ ಸ್ವಲ್ಪ ಸತ್ಯ ಹೊರಬಂತು. ಒಬ್ಬನಿಗೆ ಏರ್‌ಪೋರ್ಟಿನ ಕಡೆ ಒಂದು ಸೈಟು. ಒಬ್ಬಳಿಗೆ ಗಣಿತದಲ್ಲಿ ಪಾಸು, ಸಾಕು. ಇನ್ನೊಬ್ಬನಿಗೆ, ಗಾಡಿಯಲ್ಲಿ ಹೋಗುವಾಗ ಹಿಂದಿನಿಂದ ಯಾರಾದರೂ “ಅಣ್ಣಾ” ಎಂದು ಕೂಗಬೇಕು, ಅವನು ತಿರುಗಿ ನೋಡಬಾರದು. ಬೈಯಬೇಕೆಂದು ಬಾಯಿ ತೆರೆದೆ, ನಗು ಬಂದುಬಿಟ್ಟಿತು.

ಯಾಕೆ ನಗು ಬಂತೆಂದರೆ, ಐದನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಎಲ್ಲರನ್ನೂ ನಿಲ್ಲಿಸಿ ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳಿದಾಗ ನಾನು ಎದೆಯುಬ್ಬಿಸಿ “ನೀರುಗಂಟಿ” ಎಂದಿದ್ದೆ. ನಮ್ಮೂರಿನ ಬೀದಿ ನಲ್ಲಿಗಳಿಗೆ ನೀರು ಬಿಡುತ್ತಿದ್ದವನು ಆತ. ಕೈಯಲ್ಲೊಂದು ಉದ್ದದ ಕಬ್ಬಿಣದ ಕೀಲಿ, ಹೆಗಲ ಮೇಲೆ ಟವೆಲು. ಊರ ಪಟೇಲರ ಹೆಂಡತಿಯಿಂದ ಹಿಡಿದು ನನ್ನ ಜಗಳಗಂಟಿ ಅಜ್ಜಿಯವರೆಗೆ ಎಲ್ಲರೂ ಅವನ ಮುಂದೆ ಹಲ್ಲು ಕಿರಿಯುತ್ತಿದ್ದರು. “ಇವತ್ತು ಮೊದ್ಲು ನಮ್ಮ ಬೀದಿಗೆ ಬಿಡಪ್ಪಾ” ಎಂದು ನನ್ನಜ್ಜಿ ಅವನಿಗೆ ಕಾಫಿ ಕೊಡುತ್ತಿದ್ದಳು. ಮನೆ ಮಕ್ಕಳಿಗೆ ಇಲ್ಲದ ಕಾಫಿ! ಇದಕ್ಕಿಂತ ದೊಡ್ಡ ಹುದ್ದೆ ಇರಬಹುದೆಂದು ನನಗೆ ಅನ್ನಿಸಿರಲಿಲ್ಲ. ಮೇಷ್ಟ್ರು ನನ್ನ ಕಿವಿ ಹಿಂಡಿ “ಹೆಣ್ಮಗು ನೀರುಗಂಟಿ ಆಗ್ತದಾ? ಟೀಚರ್ ಆಗ್ತೀನಿ ಅನ್ನು” ಎಂದರು. ಅಂದೆ. ಆದೆ. ಈಗ ನೋಡಿ, ಕಾಫಿ ಇರಲಿ, ಬಿಸಿಯೂಟದ ಹೊತ್ತಿಗೆ ಒಂದು ಲೋಟ ಮಜ್ಜಿಗೆ ಕೊಡುವವರೂ ಇಲ್ಲ.

ಅದಿರಲಿ. ಆ ಹಾಳೆಗಳ ನಡುವೆ ಅಂಬಿಕಾಳದೂ ಒಂದಿತ್ತು. ಹಿಂದಿನ ಬೆಂಚಿನ, ಕರೆದರೆ ಮಾತ್ರ ಏಳುವ ಹುಡುಗಿ. ಒಂದೇ ಸಾಲು ಬರೆದಿದ್ದಳು: ‘ಯಶಸ್ಸು ಎಂದರೆ ಜನರಲ್ ಶಿಫ್ಟ್.’

“ಏನಮ್ಮ ಇದು? ತಮಾಷೆನಾ?”

“ಇಲ್ಲ ಮಿಸ್, ನಿಜ. ಅಮ್ಮಂಗೆ ಜನರಲ್ ಶಿಫ್ಟ್ ಸಿಗೋದು. ಬೆಳಿಗ್ಗೆ ಹೋಗಿ ಸಾಯಂಕಾಲ ಬರೋ ಡ್ಯೂಟಿ.”

ಅವಳ ತಾಯಿ ಮಂಜುಳ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಅಪ್ಪ ನೆಲಮಂಗಲದ ಗೋಡೌನೊಂದರ ಲಾರಿ ಡ್ರೈವರು, ಮನೆಗೆ ಬಂದರೆ ಬಂದ. ಮನೆಯಲ್ಲಿರುವುದು ಕಿವಿ ಮಂದವಾದ ಅಜ್ಜಿ. ಮಂಜುಳಳದು ಪಾಳಿ ಕೆಲಸ. ಫಸ್ಟ್ ಶಿಫ್ಟಿನ ವಾರ ನಸುಕಿಗೇ ಎದ್ದು ಹೋಗುತ್ತಾಳೆ, ಸಂಜೆ ಬಂದರೆ ಸುಸ್ತು. ಸೆಕೆಂಡ್ ಶಿಫ್ಟಿನ ವಾರ ಮಗಳು ಸ್ಕೂಲಿಂದ ಬರುವಷ್ಟರಲ್ಲಿ ಅವಳು ಹೊರಟಿರುತ್ತಾಳೆ, ಅವಳು ಬರುವಷ್ಟರಲ್ಲಿ ಮಗಳು ಮಲಗಿರುತ್ತಾಳೆ. ಬೆಳಿಗ್ಗೆ ಒಲೆ ಮುಂದೆ ನಿಂತೇ ತೂಕಡಿಸುತ್ತ ಉಪ್ಪಿಟ್ಟು ಕೆದಕುವ ಹೆಂಗಸಿನ ಹತ್ತಿರ ಏನು ಮಾತಾಡುವುದು? ಅದಕ್ಕೆ ಅಂಬಿಕಾ ಒಂದು ಉಪಾಯ ಮಾಡಿದ್ದಳು. ಅಜ್ಜಿಯ ಫೋನಿನಿಂದ ದಿನದ ಪಾಠವನ್ನೆಲ್ಲ ವಾಯ್ಸ್ ಮೆಸೇಜ್ ಮಾಡಿ ಕಳಿಸುವುದು. ಅವಳಮ್ಮ ವಾಪಸ್ ಬರುವಾಗ ಕಂಪನಿ ಬಸ್ಸಿನಲ್ಲಿ ಅದನ್ನು ಕೇಳುವುದು.

“ಮೊದ್ಲು ಬುಕ್ ನೋಡ್ಕೊಂಡು ಓದಿ ಕಳಿಸ್ತಿದ್ದೆ ಮಿಸ್. ಅಮ್ಮ ಬೈದ್ಲು. ‘ಓದ್ಬೇಡ ಕಣೇ, ಹೇಳು. ಓದಿದ್ರೆ ನಂಗೆ ನಿದ್ದೆ ಬರುತ್ತೆ’ ಅಂದ್ಲು. ಹೇಳ್ಬೇಕು ಅಂದ್ರೆ ನಂಗೆ ಅರ್ಥ ಆಗ್ಬೇಕಲ್ಲ. ಅದಕ್ಕೇ ಅರ್ಥ ಮಾಡ್ಕೊಳ್ಳೋಕೆ ಶುರು ಮಾಡ್ದೆ.”

ಹೊಟ್ಟೆ ಉರಿಯಿತು ನೋಡಿ. ಇಷ್ಟು ವರ್ಷ ಈ ಗಂಟಲು ಹರಿದುಕೊಂಡು ನಾನು ಮಾಡಿಸಲಾಗದ್ದನ್ನು ನಿದ್ದೆಗಣ್ಣಿನ ಒಬ್ಬ ತಾಯಿ ಬಸ್ಸಿನಲ್ಲಿ ಕೂತು ಮಾಡಿಸಿದ್ದಳು. ಆದರೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇದೇ ನಿನ್ನ ಕಲಿಕೆಯ ಕಥೆ, ಮೈಕಿನಲ್ಲಿ ಇದನ್ನೇ ಹೇಳು ಎಂದೆ. ಅವಳು ಗೋಣು ಅಲ್ಲಾಡಿಸಿದಳು. ಅಮ್ಮ ಎದುರಿಗೆ ಕೂತರೆ ಮಾತ್ರ ಹೇಳುತ್ತಾಳಂತೆ.

“ಅಮ್ಮ ಯಾವಾಗ್ಲೂ ಫೋನಲ್ಲೇ ಕೇಳಿರೋದು ಮಿಸ್. ನಾನು ಹೇಳೋದು ಕೇಳುವಾಗ ಅವ್ಳ ಮುಖ ಹೆಂಗಿರುತ್ತೆ ಅಂತ ನಂಗೆ ಗೊತ್ತೇ ಇಲ್ಲ. ಒಂದ್ಸಲ ನೋಡ್ಬೇಕು. ಕಾರ್ಯಕ್ರಮದ ವಾರ ಅಮ್ಮಂದು ಸೆಕೆಂಡ್ ಶಿಫ್ಟು. ಒಂದು ಗಂಟೆಗೆ ರೋಡಿಗೆ ಬಸ್ ಬರುತ್ತೆ, ಅಷ್ಟರೊಳಗೆ ಆಗುತ್ತಾ?”

“ಹತ್ತೂವರೆಗೆ ಕಾರ್ಯಕ್ರಮ ಶುರು. ಹನ್ನೊಂದೂವರೆಗೆಲ್ಲ ನಿಂದು ಮುಗ್ದಿರುತ್ತೆ. ಅಮ್ಮನ್ನ ಬರೋಕೆ ಹೇಳು” ಎಂದು ಮಾತು ಕೊಟ್ಟೆ. ಇಪ್ಪತ್ತೈದು ವರ್ಷ ಸರ್ಕಾರಿ ಕಾರ್ಯಕ್ರಮಗಳನ್ನು ನೋಡಿದ ಮೇಲೂ ಹಾಗೆ ಮಾತು ಕೊಟ್ಟೆನಲ್ಲ, ನನಗೆ ಬುದ್ಧಿ ಎಲ್ಲಿತ್ತು!

ಉಳಿದವರ ಕಥೆಗಳ ತಾಲೀಮು ಶುರುವಾಯಿತು. ಆಗ ಇನ್ನೊಂದು ತಲೆನೋವು. ಜಪ್ಪಯ್ಯ ಅಂದರೂ ಒಬ್ಬರೂ ಬಡತನ ಬಿಟ್ಟು ಬೇರೆ ಕಡೆಯಿಂದ ಶುರು ಮಾಡುತ್ತಿರಲಿಲ್ಲ. ಚೇತನ್ ಎಂಬ ಹುಡುಗ ಬಂದು ಕೈಕಟ್ಟಿ ನಿಂತು, “ನಮ್ಮ ತಂದೆ ಕೂಲಿ ಕಾರ್ಮಿಕರು. ನಮ್ಮ ಮನೆಯಲ್ಲಿ ಕರೆಂಟ್ ಇರಲಿಲ್ಲ. ನಾನು ಬೀದಿ ದೀಪದ ಕೆಳಗೆ ಓದಿದೆ” ಎಂದು ಶುರು ಹಚ್ಚಿಕೊಂಡ. ಇವನ ತಂದೆ ಮುನಿರಾಜು ಎರಡು ಜೆಸಿಬಿ ಇಟ್ಟುಕೊಂಡು ಲೇಔಟುಗಳಿಗೆ ಮಣ್ಣು ತೆಗೆಸುವವರು, ನಮ್ಮ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಬೇರೆ.

“ಲೋ, ನಿಮ್ಮನೇಲಿ ಎಸಿ ಇದೆಯಲ್ಲೋ!”

“ಇದೆ ಮಿಸ್. ಆದ್ರೆ ಹಂಗಂದ್ರೆ ಕಥೆ ಎಲ್ಲಾಗುತ್ತೆ? ರಿಸಲ್ಟ್ ದಿನ ಟಿವೀಲಿ ಬರೋರೆಲ್ಲ ಹಿಂಗೇ ತಾನೇ ಹೇಳೋದು?”

ಅದೂ ನಿಜವೇ. ಹೇಳುವವರೂ ಹಾಗೇ ಹೇಳುತ್ತಾರೆ, ಕೇಳುವವರೂ ಅದನ್ನೇ ಕೇಳುತ್ತಾರೆ. ಪಾಪ, ನಿಜವಾಗಿ ಕಷ್ಟಪಟ್ಟು ಓದಿದ ಮಕ್ಕಳ ಕಥೆಯನ್ನು ಈ ಕಳ್ಳನನ್ಮಕ್ಕಳು ಅಂಗಿಯ ಥರ ತೊಟ್ಟುಕೊಂಡು ಬರುತ್ತಿದ್ದರು. ಸರಿ, ನೀನು ನಿಜವಾಗಿ ಕಲಿತದ್ದೇನು, ಅದನ್ನು ಹೇಳಪ್ಪ ಎಂದು ಬೇಡಿಕೊಂಡೆ. ಚೇತನ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಜೆಸಿಬಿ ಓಡ್ಸೋದು ಮಿಸ್. ಅಪ್ಪಂಗೆ ಗೊತ್ತಾದ್ರೆ ಚರ್ಮ ಸುಲೀತಾರೆ.” ಇದನ್ನು ಹೇಳಲಾಗದ್ದಕ್ಕೇ ಅವನಿಗೆ ಬೀದಿ ದೀಪ ಬೇಕಾಗಿತ್ತು. ಇರಲಿ, ಕೂಲಿ ಎಂಬ ಮಾತನ್ನಾದರೂ ಬಿಡು ಮಾರಾಯ ಎಂದೆ. ಆಗಲಿ ಎಂದ.

ಕಾರ್ಯಕ್ರಮದ ದಿನ ಬಂತು. ಅಂಗಳದಲ್ಲಿ ಶಾಮಿಯಾನ, ಬಾಡಿಗೆ ಕುರ್ಚಿ, ದೀಪದ ಕಂಬಕ್ಕೆ ಸೇವಂತಿಗೆ. ಪೋಷಕರು ಹತ್ತು ಗಂಟೆಗೇ ಬಂದು ಕೂತರು. ಮಂಜುಳ ಕಂಪನಿಯ ನೀಲಿ ಕೋಟು ಹಾಕಿಕೊಂಡೇ ಬಂದಿದ್ದಳು. ತೊಡೆಯ ಮೇಲೆ ಊಟದ ಬ್ಯಾಗು. ಕಣ್ಣಿನ ಕೆಳಗೆ ಕಪ್ಪು. ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿದೆ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಅಂಬಿಕಾ ಅಲ್ಲಿಂದಲೇ ಅವಳಿಗೆ ಕೈ ಬೀಸಿದಳು.

ಹತ್ತೂವರೆಯಾಯಿತು. ಹನ್ನೊಂದೂವರೆಯಾಯಿತು. ಮುಖ್ಯ ಅತಿಥಿಗಳ ಸುಳಿವಿಲ್ಲ. ಅವರು ನಮ್ಮ ಭಾಗದ ಮುಖಂಡರು, ಹೆಸರು ಬೇಡ ಬಿಡಿ. ಫೋನ್ ಮಾಡಿದಾಗಲೆಲ್ಲ ಅವರ ಹುಡುಗರು “ಇನ್ನೇನ್ ಬಂದ್ವಿ ಸಾರ್, ಕ್ರಾಸ್ ಹತ್ರ ಇದೀವಿ” ಎನ್ನುತ್ತಿದ್ದರು. ನನ್ನ ಅನುಭವದಲ್ಲಿ ಕ್ರಾಸ್ ಹತ್ತಿರ ಎಂದರೆ ಇನ್ನೂ ಸ್ನಾನವಾಗಿಲ್ಲ ಎಂದರ್ಥ. ಹನ್ನೆರಡು ದಾಟಿತು. ಮಕ್ಕಳು ಬಿಸಿಲಿಗೆ ಬಾಡಿದರು. ಪೋಷಕರು ಆಹ್ವಾನ ಪತ್ರಿಕೆಯನ್ನೇ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳತೊಡಗಿದರು. ಅದು ಒಂದು ಕೆಲಸಕ್ಕಾದರೂ ಬಂತಲ್ಲ.

ಹೆಡ್‌ಮಾಸ್ಟರ ಹತ್ತಿರ ಹೋದೆ. “ಸಾರ್, ಮಕ್ಕಳ ಮಾತು ಶುರು ಮಾಡ್ಬಿಡೋಣ. ಅವ್ರು ಬಂದಾಗ ಬರ್ಲಿ.”

“ಎಲ್ಲಾದ್ರೂ ಉಂಟಾ ಮೇಡಂ? ದೀಪ ಹಚ್ದೆ ಕಾರ್ಯಕ್ರಮ ಶುರು ಮಾಡೋದಾ? ಅವ್ರು ಬೇಜಾರಾಗಲ್ವಾ? ನಮ್ಮ ಕಾಂಪೌಂಡ್ ಗೋಡೆ ವಿಷ್ಯ ಅವ್ರ ಕೈಲಿದೆ.”

“ಕಾಂಪೌಂಡು ಬಿದ್ದು ನಾಕು ವರ್ಷ ಆಯ್ತು ಸಾರ್. ಆ ತಾಯಿ ಬಸ್ಸು ಇನ್ನರ್ಧ ಗಂಟೇಲಿ ಹೋಗುತ್ತೆ.”

“ನಾಳೆ ಹೇಳಿಸಿದ್ರಾಯ್ತು ಬಿಡಿ” ಎಂದರು. ನಾಳೆ! ನನಗೆ ಅಳುವೇ ಬಂದಂತಾಯಿತು. ಮಂಜುಳಳ ಹತ್ತಿರ ಹೋಗಿ, ಇವತ್ತೊಂದು ದಿನ ತಡವಾಗಿ ಹೋದರೆ ಆಗುವುದಿಲ್ಲವೇ ಎಂದು ಕೇಳಿದೆ. ಅವಳು ಮುಖ ಸಣ್ಣಗೆ ಮಾಡಿಕೊಂಡಳು.

“ಇಲ್ಲ ಮಿಸ್. ಜನರಲ್ ಶಿಫ್ಟಿಗೆ ಹೆಸ್ರು ಕೊಟ್ಟಿದೀನಿ. ಮುಂದಿನ ತಿಂಗ್ಳು ಮಾಡ್ಕೊಡ್ತೀವಿ ಅಂದಿದಾರೆ. ಈಗ ಲೇಟ್ ಆದ್ರೆ ಸೂಪರ್‌ವೈಜರ್ರು ನನ್ನ ಹೆಸ್ರು ಹೊಡೆದುಹಾಕಿ ಇನ್ನೊಬ್ರುದು ಸೇರಿಸ್ತಾರೆ. ನಮ್ ಹುಡ್ಗಿ ಬೇಜಾರ್ ಮಾಡ್ಕೊಂಡ್ರೆ ನೀವೇ ಒಂದ್ಮಾತು ಹೇಳಿ.”

ಹುಡುಗಿ ಆಗಲೇ ಬೇಜಾರು ಮಾಡಿಕೊಂಡಾಗಿತ್ತು. ಕಣ್ಣು ತುಂಬಿಕೊಂಡು ಶಾಮಿಯಾನದ ಕಂಬ ಹಿಡಿದು ನಿಂತಿದ್ದಳು. ನಾನು ಏನೆಂದು ಸಮಾಧಾನ ಹೇಳಲಿ? ಹತ್ತೂವರೆ ಎಂದು ಬಾಯಿಬಿಟ್ಟು ಹೇಳಿದವಳು ನಾನು.

ಇಷ್ಟೆಲ್ಲದರ ನಡುವೆ ಬೆಳಗಿನಿಂದ ಒಂದೇ ಒಂದು ದನಿ ಯಾರ ಹಂಗೂ ಇಲ್ಲದೆ ಕೇಳಿಬರುತ್ತಿತ್ತು. ಸೌಂಡ್ ಸಿಸ್ಟಂ ಬಾಷಾನದು. “ಹಲೋ, ಚೆಕ್, ಮೈಕ್ ಟೆಸ್ಟಿಂಗ್, ಹಲೋ” ಎಂದು ಅವನು ಹೇಳುತ್ತಲೇ ಇದ್ದ. ಇನ್ನೂ ದೀಪ ಹಚ್ಚಿಲ್ಲ, ಮೈಕಿನಲ್ಲಿ ಮಾತಾಡಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅರೆ! ನನ್ನ ಮಂಡೆಗೆ ಆಗ ಹೊಳೆಯಿತು. ನೇರ ಅವನ ಬಳಿ ಹೋದೆ.

“ಬಾಷಾ, ಮೈಕು ಸರಿಯಾಗಿ ಕೇಳ್ತಿಲ್ಲ ಕಣಪ್ಪ.”

“ಕೇಳ್ತಾ ಇದೆಯಲ್ಲ ಮೇಡಂ, ಮೇನ್ ರೋಡ್ ತಂಕ ಕೇಳ್ತೈತೆ.”

“ಕೇಳ್ತಿಲ್ಲ ಅಂದೆನಲ್ಲ! ನಿನ್ನ ಗಂಟ್ಲಿಗೆ ಕೇಳುತ್ತೆ, ಹೆಣ್ಮಕ್ಕಳ ಗಂಟ್ಲಿಗೂ ಟೆಸ್ಟ್ ಮಾಡ್ಬೇಕು. ಅಂಬಿಕಾ, ಬಾರಮ್ಮ ಇಲ್ಲಿ.”

ಬಾಷಾ ನನ್ನ ಮುಖ ನೋಡಿದ, ಹುಡುಗಿಯ ಕಣ್ಣು ನೋಡಿದ. “ಹೌದು ಮೇಡಂ, ಟೆಸ್ಟ್ ಮಾಡ್ಬೇಕು. ಫುಲ್ ಮಾಡ್ಬೇಕು” ಎಂದು ಮೈಕಿನ ಕತ್ತು ತಗ್ಗಿಸಿ ಕೊಟ್ಟ. ಅಂಬಿಕಾ ಮೂಗು ಒರೆಸಿಕೊಂಡು ಮಾತು ಶುರು ಮಾಡಿದಳು. ಹೆಡ್‌ಮಾಸ್ಟರು ಗೇಟಿನಿಂದ ಓಡಿಬಂದರು. “ಟೆಸ್ಟಿಂಗು ಸಾರ್, ಬರೀ ಟೆಸ್ಟಿಂಗು” ಎಂದು ನಾನು ಅವರಿಗೆ ಅಡ್ಡ ನಿಂತೆ. ಅವರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಮೈಕ್ ಟೆಸ್ಟಿಂಗ್ ಮಾಡಬಾರದೆಂದು ಯಾವ ಆದೇಶದಲ್ಲೂ ಇಲ್ಲ.

ಅವಳು ಹೇಳಿದಳು. ಗಣ್ಯರೇ ಇಲ್ಲದ್ದರಿಂದ ಗಣ್ಯರೇ ಎನ್ನಲಿಲ್ಲ. ಅಮ್ಮನ ಪಾಳಿ, ಅಜ್ಜಿಯ ಫೋನು, ಓದಬೇಡ ಹೇಳು ಎಂದ ಮಾತು. ಆಮ್ಲ ಮತ್ತು ಪ್ರತ್ಯಾಮ್ಲದ ಪಾಠ ಕಳಿಸಿದ ರಾತ್ರಿ ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಕೇಳಿಸಿಕೊಂಡು, “ಹಂಗಾದ್ರೆ ಹುಣಸೆಹಣ್ಣಲ್ಲಿ ಹಿತ್ತಾಳೆ ಪಾತ್ರೆ ಹೊಳೆಯೋದು ಇದಕ್ಕೇನಾ, ಕೇಳು ನಿನ್ನ ಮಗಳ್ನ” ಎಂದು ಮಂಜುಳಳನ್ನು ಕಾಡಿದ್ದು. ಅದಕ್ಕೆ ಉತ್ತರ ಹೇಳಬೇಕೆಂದು ಇವಳು ವಿಜ್ಞಾನದ ಮೇಷ್ಟ್ರ ಹಿಂದೆ ಬಿದ್ದದ್ದು. ಪೋಷಕರು ಬೀಸಣಿಗೆ ನಿಲ್ಲಿಸಿ ಕೇಳುತ್ತಿದ್ದರು. ನಾನು ಮಂಜುಳಳ ಕಡೆ ತಿರುಗಿದೆ. ಅವಳು ಬ್ಯಾಗು ತಬ್ಬಿಕೊಂಡು, ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿದ್ದಳು. ಅಯ್ಯೋ ಶಿವನೇ, ಇಷ್ಟೆಲ್ಲ ಮಾಡಿ ಈ ಹೆಂಗಸು ನಿದ್ದೆ ಹೋದಳಲ್ಲ ಎಂದು ಹಣೆ ಚಚ್ಚಿಕೊಳ್ಳುವಂತಾಯಿತು.

ಅಂಬಿಕಾ ಕೂಡ ಅದನ್ನು ನೋಡಿದಳು. ಮಾತು ನಿಂತುಹೋಯಿತು.

ಮಂಜುಳ ಕಣ್ಣು ತೆರೆಯದೆ ಕೇಳಿದಳು. “ಹ್ಞೂಂ, ಆಮೇಲೆ?”

ದಿನಾ ಬಸ್ಸಿನಲ್ಲಿ ಅವಳು ಕೇಳುತ್ತಿದ್ದದ್ದೇ ಹಾಗೆ, ಕಣ್ಣು ಮುಚ್ಚಿಕೊಂಡು. ಅಂಬಿಕಾಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಮಗಳು ನೋಡಬೇಕೆಂದಿದ್ದ ಮುಖ ಅದೇ. ಅಮ್ಮನ ಮುಖದಿಂದ ಕಣ್ಣು ಕೀಳದೆ ಉಳಿದ ಕಥೆ ಹೇಳಿದಳು, ಕೊನೆಗೆ, “ಅಮ್ಮಂಗೆ ಜನರಲ್ ಶಿಫ್ಟ್ ಸಿಕ್ಕಿದ್ರೆ ಸಾಯಂಕಾಲ ಮನೇಲಿ ಕೂತ್ಕೊಂಡು ಕೇಳ್ತಾಳೆ. ನನ್ನ ಯಶಸ್ಸು ಅಷ್ಟೆ” ಎಂದಳು. ನನ್ನ ಕನ್ನಡಕ ಮಂಜಾಯಿತು. ಮಂಜುಳ ಕಣ್ಣು ಬಿಟ್ಟು, ಗಡಿಯಾರ ನೋಡಿ, ದಡಬಡ ಎದ್ದಳು. ಮಗಳ ಕೆನ್ನೆ ಸವರಿ, “ಚೆಂದಾಗ್ ಹೇಳ್ದೆ ಕಣೇ. ಮನೇಲಿ ಸಾರು ಬಿಸಿ ಮಾಡಿಡು, ಅಜ್ಜಿ ಮರೀತದೆ” ಎಂದು, ನನಗೊಂದು ಕೈ ಮುಗಿದು, ಗೇಟಿನ ಆಚೆ ಓಡಿದಳು. ಬಸ್ಸಿನ ಹಾರನ್ ಕೇಳಿತು. ಸಿಕ್ಕಿತು ಎಂದು ಬಾಷಾ ಸೌಂಡ್ ಬಾಕ್ಸಿನ ಮೇಲೆ ಹತ್ತಿ ನೋಡಿ ಹೇಳಿದ.

ಆಮೇಲೆ, ಊಟದ ಹೊತ್ತೂ ಮೀರಿದ ಮೇಲೆ ಮುಖ್ಯ ಅತಿಥಿಗಳು ದಯಮಾಡಿಸಿದರು. ಶಾಲು, ಹಾರ, ಗಾಳಿಗೆ ಆರಿ ಆರಿ ಹೋಗುವ ದೀಪ. ಯಶಸ್ಸಿನ ಬಗ್ಗೆ ಅವರು ಮಾತಾಡಿದರು, ಮಾತಾಡಿದರು, ಮಾತಾಡುತ್ತಲೇ ಇದ್ದರು. ಸಮಯಪಾಲನೆಯೇ ಯಶಸ್ಸಿನ ಗುಟ್ಟು ಎಂದಾಗ ನಾನು ಸೆರಗಿನ ತುದಿ ಕಚ್ಚಿ ಹಿಡಿದೆ. ಆಮೇಲೆ ಚೇತನ್ ಬಂದ. ನನಗೆ ಕೊಟ್ಟ ಮಾತು ಮರೆತು, “ನಮ್ಮ ತಂದೆ ಕೂಲಿ ಕಾರ್ಮಿಕರು” ಎಂದೇ ಶುರು ಮಾಡಿದ. ವೇದಿಕೆಯ ಮೇಲೆ ಶಾಲು ಹೊದ್ದು ಕೂತಿದ್ದ ಮುನಿರಾಜು ಕುರ್ಚಿಯಿಂದ ಅರ್ಧ ಎದ್ದು, “ಲೋ ಲೋ, ನಾನು ಯಾವಾಗ್ಲಾ ಕೂಲಿಗೋಗಿದ್ದೆ?” ಎಂದರು. ಅತಿಥಿಗಳು ಕಣ್ಣೊರೆಸಿಕೊಂಡು ಅವರ ಭುಜ ತಟ್ಟಿ, “ಬಡತನ ಹೇಳ್ಕೊಳ್ಳೋಕೆ ನಾಚ್ಕೋಬಾರ್ದು ಯಜಮಾನ್ರೇ” ಎಂದು ಸಮಾಧಾನ ಮಾಡಿದರು. ಉಳಿದವರ ಮಾತು ಕೇಳುವ ಮೊದಲೇ ಮೊದಲ ಬಹುಮಾನವನ್ನೂ ಚೇತನ್‌ಗೇ ಘೋಷಿಸಿಬಿಟ್ಟರು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಹೆಣ್ಣುಮಗುವೂ ಮಾತಾಡಲಿ, ಫೋಟೋ ಚೆನ್ನಾಗಿ ಬರುತ್ತದೆ ಎಂದು ಅತಿಥಿಗಳು ಅಪ್ಪಣೆ ಕೊಡಿಸಿದರು. ಹೆಡ್‌ಮಾಸ್ಟರು ಕೈಯಲ್ಲಿದ್ದ ಚೀಟಿ ನೋಡಿ ಅಂಬಿಕಾಳ ಹೆಸರು ಕೂಗಿದರು. ಫೋಟೋದವನು ಮೊಬೈಲು ಎತ್ತಿ ಹಿಡಿದ. ಅಂಬಿಕಾ ಮೈಕಿನ ಮುಂದೆ ಬಂದು, ಮುಂದಿನ ಸಾಲಿನ ಕೊನೆಯ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ, ಅತಿಥಿಗಳಿಗೆ ಕೈ ಮುಗಿದಳು.

“ನನ್ನ ಕಥೆ ಆಗ್ಲೇ ಹೇಳಾಯ್ತು ಸಾರ್. ಕೇಳ್ಬೇಕಾದೋರು ಕೇಳ್ಕೊಂಡು ಡ್ಯೂಟಿಗೆ ಹೋದ್ರು.”